ಎರಡನೆಯ ಮೀನು

ಮಂಗಳವಾರ, ಮಾರ್ಚ್ ೧೨

ಪ್ರೀತಿಯ ಅಕ್ಕನಿಗೆ,

ನಿನ್ನ ಕಡ್ಡಿ ಮಾಡುವ ನಮಸ್ಕಾರ. ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯದೆ ಕೂತಿದ್ದೆ. ಬೈಯುವುದಿದ್ದರೆ ಬೈದುಬಿಡು. ಕೆಲಸವಿತ್ತು ಎಂದು ನೆಪ ಹೇಳಬಹುದು, ಅದು ಅರ್ಧ ನಿಜ. ಭಾವನವರ ಮಂಡಿನೋವು ಇಳಿಯಿತಾ? ಮಗಳಿಗೆ ಹೊಸ ಕನ್ನಡಕ ಹೊಂದಿಕೊಂಡಿತಾ? ನಾನು ಚೆನ್ನಾಗಿದ್ದೇನೆ. ಮೈ ಮಾತ್ರ ನೀನು ಕಡ್ಡಿ ಎಂದು ಹೆಸರಿಟ್ಟಾಗ ಹೇಗಿತ್ತೋ ಹಾಗೇ ಇದೆ, ಒಂದು ಗುಂಜಿ ತೂಕವೂ ಹೆಚ್ಚಿಲ್ಲ.

ಅಕ್ಕ, ಇನ್ನೊಂದು ಸಿಕ್ಕಿದೆ. ಅದೇ ಮೀನು.

ಹೋದ ತಿಂಗಳು ಕಲ್ಲುಗಣಿಯ ಮೇಸ್ತ್ರಿ ಗೋಣಿಯಲ್ಲಿ ಸುತ್ತಿದ ಚಪ್ಪಡಿಯೊಂದನ್ನು ಮ್ಯೂಸಿಯಮ್ಮಿಗೆ ತಂದು ನನ್ನ ಮೇಜಿನ ಮೇಲಿಟ್ಟ. ನೆಲಕ್ಕೆ ಹಾಸಲೆಂದು ಸೀಳಿದ ಕಲ್ಲಂತೆ, ಒಳಗೆ ಕಲ್ಲಾಗಿಹೋದ ಮೂಳೆ ಕಂಡಿತಂತೆ. ಏನೋ ಮಲಗಿದೆ, ಎಬ್ಬಿಸಿ ನೋಡಿ ಎಂದು ನಕ್ಕು ಹೋದ. ಬಾಲ, ಬೆನ್ನುಮೂಳೆಯ ಸಾಲು, ತಲೆಯ ಒಂದು ಪಕ್ಕ ಹೊರಗಿತ್ತು. ಹೊಟ್ಟೆಯೆಲ್ಲ ಕಲ್ಲಿನೊಳಗೆ. ನೋಡಿದ್ದೇ ಗುರುತು ಹತ್ತಿತು. ಕಣ್ಣನ್ನು ಅಷ್ಟು ಬೇಗ ನಂಬಬಾರದೆಂದು ಕಪಾಟಿನ ತಳದಿಂದ ನಿನ್ನ ಹಳೆಯ ನೋಟುಬುಕ್ಕು ತೆಗೆದು ಒಂದೊಂದಾಗಿ ತಾಳೆ ನೋಡಿದೆ. ಕೆಳದವಡೆಯಲ್ಲಿ ಸಾಸಿವೆ ಕಾಳಿನಂಥ ದುಂಡು ಹಲ್ಲು, ತಲೆಯ ಹಿಂದೆಯೇ ಶುರುವಾಗುವ ಬೆನ್ನಿನ ಈಜುರೆಕ್ಕೆ, ಬೆನ್ನುಮೂಳೆಯಲ್ಲಿ ಐವತ್ತೆರಡು ಮಣಿ. ಮೂರು ಸಲ ಎಣಿಸಿದೆ. ಐವತ್ತೆರಡೇ.

ಮುಂದಿನದನ್ನು ನಿನಗೆ ನೆನಪಿಸಬೇಕಿಲ್ಲ. ಆದರೂ ಬರೆಯುತ್ತೇನೆ, ಬರೆಯದೆ ನನಗೆ ದಾಟಲಾಗುವುದಿಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಮೊದಲ ಮೀನನ್ನು ನೀನು ಕಲ್ಲಿನಿಂದ ಬಿಡಿಸುತ್ತಿದ್ದೆ, ನಾನು ಪಕ್ಕದಲ್ಲಿ ಕೂತು ಚಿತ್ರ ಬರೆಯುತ್ತಿದ್ದೆ. ಕಂಡದ್ದಕ್ಕೆ ಗೆರೆ, ಊಹೆಗೆ ಚುಕ್ಕಿ. ಕೆಲಸಕ್ಕೆ ಸೇರಿದ ದಿನವೇ ನೀನು ಕಲಿಸಿದ ಪಾಠ ಅದು. ನನ್ನ ಚಿತ್ರದಲ್ಲಿ ಹೊಟ್ಟೆಯ ಕೆಳಗೆ ಗೆರೆ ಎಳೆದ ರೆಕ್ಕೆಯಿತ್ತು. ನೀನು ಬಿಡಿಸಿ ಮುಗಿಸಿದಾಗ ಕಲ್ಲಿನಲ್ಲಿ ರೆಕ್ಕೆ ಇರಲಿಲ್ಲ. ನಮ್ಮ ಕೆಮ್ಮು ಸಾಹೇಬರು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ, ನಿನ್ನ ಸೂಜಿ ಜಾರಿ ರೆಕ್ಕೆ ಪುಡಿಯಾಗಿದೆ ಎಂದರು. ರೆಕ್ಕೆಯನ್ನು ನೀನು ಕಣ್ಣಾರೆ ನೋಡಿದ್ದೆಯಾ ಎಂದು ನನ್ನನ್ನು ಕೇಳಿದರು. ನಾನು ಹೌದೆಂದು ತಲೆಯಾಡಿಸಿದೆ. ಆಗ ನೀನು ನನ್ನ ಮುಖವನ್ನೇ ನೋಡುತ್ತ ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ.

"ಅವಳು ನೋಡಿದ್ದಾಳೆ ಅಂದ್ರೆ ಇತ್ತು ಸರ್. ನನ್ನ ಕೈಯೇ ತಪ್ಪಿರ್ಬೇಕು."

ಆ ವಾರದ ಕೊನೆಗೆ ನಿನ್ನನ್ನು ಕೆಲಸದಿಂದ ಕಳಿಸಿದರು. ನಿನ್ನ ಕುರ್ಚಿ, ನಿನ್ನ ದೀಪ, ನಿನ್ನ ಸೂಜಿಗಳ ಡಬ್ಬಿ ನನ್ನ ಪಾಲಿಗೆ ಬಂದವು. ಅವತ್ತಿನಿಂದ ನೀನು ಸೂಜಿ ಮುಟ್ಟಿಲ್ಲ. ಅಂಗಿಯ ಗುಂಡಿ ಕಿತ್ತುಹೋದರೆ ಭಾವನವರೇ ಹೊಲಿದುಕೊಳ್ಳಬೇಕು. ನಾನು ನಿಮ್ಮ ಮನೆಗೆ ಬಂದಾಗಲೆಲ್ಲ ಅದನ್ನೇ ಹೇಳಿಕೊಂಡು ಎಲ್ಲರೂ ನಗುತ್ತೀರಿ. ನಾನೂ ನಗುತ್ತೇನೆ.

ಈಗ ಈ ಎರಡನೆಯ ಮೀನಿನ ಹೊಟ್ಟೆಯ ಕೆಳಗೆ ರೆಕ್ಕೆ ಇದ್ದರೆ, ಅವತ್ತು ನಿನ್ನ ಕೈ ತಪ್ಪಿದ್ದಿರಬಹುದು. ಇಲ್ಲದಿದ್ದರೆ ಈ ಜಾತಿಗೇ ಆ ರೆಕ್ಕೆಯಿಲ್ಲ. ನೀನು ಏನನ್ನೂ ಮುರಿದಿಲ್ಲ.

ನಿನ್ನೆ ಹೊಟ್ಟೆಯ ಕಡೆ ಕೈಹಾಕಿದೆ. ಚಪ್ಪಡಿಯನ್ನು ಮರಳುಚೀಲದ ಮೇಲೆ ಅಲುಗದಂತೆ ಕೂರಿಸಿ, ಕಲ್ಲಿಗೆ ಒಂದೊಂದೇ ಹನಿ ನೀರು ಮುಟ್ಟಿಸಿ, ಸೂಜಿಯನ್ನು ಓರೆ ಹಿಡಿದು ಕಣಕಣವಾಗಿ ಕೆದಕುತ್ತಿದ್ದೇನೆ. ರಬ್ಬರ್ ಉಂಡೆ ಒತ್ತಿ ಪುಡಿ ಊದುತ್ತೇನೆ, ಬ್ರಶ್ಶು ಆಡಿಸುತ್ತೇನೆ, ಮತ್ತೆ ಕೆದಕುತ್ತೇನೆ. ಅಕ್ಕಿಕಾಳಿನಷ್ಟು ಜಾಗ ತೆರೆದಾಗಲೆಲ್ಲ ಫೋಟೋ ತೆಗೆದು ಗಂಟೆ ಬರೆದಿಡುತ್ತೇನೆ. ನಿನಗೆ ಸಾಕ್ಷಿಯಿರಲಿಲ್ಲ. ನನಗಾದರೂ ಇರಲಿ.

ಸಾಹೇಬರು ಈಗಲೂ ಬಾಗಿಲಾಚೆ ಕೆಮ್ಮಿಯೇ ಒಳಗೆ ಬರುತ್ತಾರೆ. ಆ ರೆಕ್ಕೆಯನ್ನು ನಂಬಿಯೇ ಅವರು ಮೀನಿನ ಕುಲ ಗೊತ್ತುಮಾಡಿ ಪುಸ್ತಕ ಬರೆದದ್ದು. ಅವರಿಗೆ ರೆಕ್ಕೆ ಬೇಕು. ಇವತ್ತು ನನ್ನ ಬೆನ್ನ ಹಿಂದೆ ನಿಂತು, "ಇದೊಂದನ್ನಾದ್ರೂ ಸರಿಯಾಗಿ ಬಿಡಿಸು. ನಿಮ್ಮಕ್ಕನ ಥರ ಮಾಡ್ಬೇಡ" ಎಂದರು. ಮೈಯೆಲ್ಲ ಉರಿದುಹೋಯಿತು. ಸೂಜಿ ಕೆಳಗಿಟ್ಟೆ, ಅವರು ಹೋಗುವ ತನಕ ಎತ್ತಿಕೊಳ್ಳಲಿಲ್ಲ.

ಅವರು ಹೋದ ಮೇಲೆ ಇನ್ನೊಂದು ಅಕ್ಕಿಕಾಳಿನಷ್ಟು ತೆರೆದೆ. ಅಲ್ಲಿ, ರೆಕ್ಕೆ ಇರಬೇಕಾದ ಜಾಗದಲ್ಲೇ, ಕೂದಲಿನಂಥ ಕಂದು ಎಳೆಯೊಂದರ ತುದಿ ಕಾಣುತ್ತಿದೆ. ಮುಂದೆ ಕೆದಕಲು ಧೈರ್ಯ ಸಾಲದೆ ಸೂಜಿ ಬಿಟ್ಟು ಪೆನ್ನು ಹಿಡಿದು ಕೂತಿದ್ದೇನೆ.

ಗುರುವಾರ

ಆ ಎಳೆಯ ಜಾಡು ಹಿಡಿದು ಹೋಗಲು ನಿನ್ನೆಯ ದಿನವಿಡೀ ಬೇಕಾಯಿತು. ನಿಜ ಹೇಳಲೇ? ನಿನ್ನ ತಂಗಿಯಾದವಳು ರೆಕ್ಕೆ ಇಲ್ಲದಿರಲಿ ಎಂದು ಬೇಡಿಕೊಳ್ಳಬೇಕಿತ್ತು. ಇರಲಿ, ಇರಲಿ ಎಂದೇ ನನ್ನ ಮನಸ್ಸು ಬಡಿದುಕೊಳ್ಳುತ್ತಿತ್ತು. ಅದು ಗೊತ್ತಾಗಿ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಊಟಕ್ಕೂ ಏಳಲಿಲ್ಲ. ಸೂಜಿ ಎಲ್ಲಿ ಜಾರುತ್ತದೋ ಎಂದು ಉಸಿರು ಬಿಗಿಹಿಡಿದು, ಒಂದು ಕಣ ತೆಗೆದು, ಉಸಿರು ಬಿಟ್ಟು, ಮತ್ತೊಂದು ಕಣ. ಎಳೆ ಕೆಳಗೆ ಹೋಗಲಿಲ್ಲ, ಮೇಲಕ್ಕೆ ಬಾಗಿತು. ಸಾಯಂಕಾಲದ ಹೊತ್ತಿಗೆ ಬೆನ್ನುಮೂಳೆಗೆ ಹೋಗಿ ಸೇರಿತು. ಅದು ಪಕ್ಕೆಲುಬು.

ಇವತ್ತು ಬೆಳಿಗ್ಗೆ ಹೊಟ್ಟೆಯ ಅಂಚು ಪೂರ್ತಿ ತೆರೆಯಿತು. ಹುರುಪೆಗಳ ಸಾಲು ಗಂಟಲಿನಿಂದ ಬಾಲದ ತನಕ ಎಲ್ಲೂ ಕಡಿಯದೆ, ಒಂದರ ಮೇಲೊಂದು ಹೆಂಚು ಹೊದಿಸಿದ ಹಾಗೆ ಕೂತಿದೆ. ರೆಕ್ಕೆಗೆ ಆಧಾರವಾಗಿ ಒಳಗಿರಬೇಕಾದ ಚಿಕ್ಕ ಮೂಳೆಯೂ ಇಲ್ಲ. ಅಲ್ಲಿಂದೆದ್ದು ಗಾಜಿನ ಪೆಟ್ಟಿಗೆಯಲ್ಲಿದ್ದ ನಿನ್ನ ಮೀನನ್ನು ತಂದು ಪಕ್ಕದಲ್ಲಿಟ್ಟೆ. ಹಾಗೇ ಇದೆ, ಸಾಲು ಕಡಿದಿಲ್ಲ. ಈ ಹತ್ತೊಂಬತ್ತು ವರ್ಷವೂ ಅದು ಎಲ್ಲರ ಕಣ್ಣೆದುರೇ ಇತ್ತು. ಮುರಿದದ್ದೆಂದು ಮೊದಲೇ ಹೇಳಿಬಿಟ್ಟಿದ್ದರಿಂದ ಯಾರೂ ನೋಡಲು ಹೋಗಲಿಲ್ಲ.

ನೀನು ಏನನ್ನೂ ಮುರಿದಿಲ್ಲ, ಅಕ್ಕ. ನಿನ್ನ ಕೈ ತಪ್ಪಿರಲಿಲ್ಲ.

ಸಾಹೇಬರನ್ನು ಕರೆದೆ. ಅವರು ಭೂತಗನ್ನಡಿ ಹಿಡಿದು ತುಂಬ ಹೊತ್ತು ಬಗ್ಗಿ ನೋಡಿದರು. ನಿನ್ನ ಕೈಯೂ ತಪ್ಪಿತಾ ಎಂದು ಮೆಲ್ಲಗೆ ಕೇಳಿದರು. ಫೋಟೋಗಳ ಕಟ್ಟನ್ನು ಮುಂದಿಟ್ಟೆ. ನನ್ನ ಕೈ ತಪ್ಪಿಲ್ಲ, ಅಕ್ಕನದೂ ತಪ್ಪಿರಲಿಲ್ಲ ಎಂದೆ. ಒಂದೊಂದೇ ಫೋಟೋ ತಿರುವಿ ಮುಗಿಸಿ ಅವರು ಕೇಳಿದ್ದು ಒಂದೇ ಮಾತು.

"ಹಾಗಾದ್ರೆ ಚಿತ್ರದಲ್ಲಿ ಅದು ಎಲ್ಲಿಂದ ಬಂತು?"

ನಾಳೆ ಹೇಳುತ್ತೇನೆ ಸರ್, ಅದಕ್ಕೂ ಮೊದಲು ಒಬ್ಬರಿಗೆ ಕಾಗದ ಹಾಕಬೇಕು ಎಂದೆ. ಅವರು ಕೆಮ್ಮದೆಯೇ ಹೊರಗೆ ಹೋದರು.

ಭಾವನವರಿಗೆ ನನ್ನ ನಮಸ್ಕಾರ ತಿಳಿಸು. ಮಗಳಿಗೆ ಈ ಚಿಕ್ಕಮ್ಮನ ಆಶೀರ್ವಾದ, ಅವಳ ಕಣ್ಣು ಯಾವತ್ತೂ ತಂಪಾಗಿರಲಿ. ನಿನ್ನ ಆಶೀರ್ವಾದ ಬೇಡುವುದು ನನ್ನ ವಾಡಿಕೆ. ಈ ಸಲ ಬೇಡುತ್ತಿಲ್ಲ, ಯಾಕೆಂದು ಕೆಳಗೆ ಬರೆದಿದ್ದೇನೆ.

ಇಂತಿ,
ನಿನ್ನ ಕಡ್ಡಿ

ತಾ.ಕ.: ಅಕ್ಕ, ಆ ರೆಕ್ಕೆಯನ್ನು ನಾನು ನೋಡಿರಲಿಲ್ಲ. ನೀನು ಬಿಡಿಸಿ ಮುಗಿಸುವ ಮೊದಲೇ ಚಿತ್ರ ಕೊಡಬೇಕಿತ್ತು, ಹೊಟ್ಟೆ ಇನ್ನೂ ಕಲ್ಲಿನೊಳಗಿತ್ತು. ಇದನ್ನು ಹೋಲುವ ಮೀನುಗಳಿಗೆಲ್ಲ ಅಲ್ಲಿ ರೆಕ್ಕೆಯಿರುವುದನ್ನು ದೊಡ್ಡ ಪುಸ್ತಕದಲ್ಲಿ ನೋಡಿ, ನೀನು ಕಲಿಸಿದ ಹಾಗೆ ಚುಕ್ಕಿಯಲ್ಲೇ ಬರೆದೆ. ಆಮೇಲೆ ಚಿತ್ರ ಅರೆಬರೆ ಕಾಣುತ್ತದೆಂದು ಮೇಲೆ ಶಾಯಿಯ ಗೆರೆ ಎಳೆದುಬಿಟ್ಟೆ. ಸಾಹೇಬರು ಕೇಳಿದಾಗ ಇದೆಲ್ಲ ನನಗೆ ನೆನಪಿತ್ತು. ನೆನಪಿದ್ದೂ ತಲೆಯಾಡಿಸಿದೆ, ನನ್ನ ಕೆಲಸ ಹೋಗುತ್ತದೆಂಬ ಭಯಕ್ಕೆ. ನೀನು ನನ್ನನ್ನು ನಂಬಿ ನಿನ್ನ ಕೈಯನ್ನು ಅನುಮಾನಿಸಿದೆ. ಆ ಮೂಲ ಚಿತ್ರವನ್ನು ರಟ್ಟಿನ ನಡುವೆ ಇಟ್ಟು ಇದರ ಜೊತೆ ಕಳಿಸಿದ್ದೇನೆ. ಹಾಳೆಯನ್ನು ಮಗುಚಿ ಹಿಂಬದಿಯಲ್ಲಿ ಬೆರಳಾಡಿಸಿ ನೋಡು. ಶಾಯಿಯ ಗೆರೆಯಡಿ ಒತ್ತಿ ಬರೆದ ಪೆನ್ಸಿಲಿನ ಹನ್ನೊಂದು ಚುಕ್ಕಿಗಳು ಅಲ್ಲಿ ಉಬ್ಬಿ ನಿಂತಿವೆ. ನಿನ್ನ ಬೆರಳಿಗೆ ಅವು ಸಿಗದೆ ಹೋಗುವುದಿಲ್ಲ.