ಅವ್ವನ ಕಣ್ಣು, ನಿನ್ನ ಕೂದಲು

ಪ್ರಸಾದ,

ಅವ್ವನನ್ನು ಕರೆದುಕೊಂಡು ಸತ್ಯಮಂಗಲದ ಧರ್ಮದ ಕಣ್ಣಿನ ಕ್ಯಾಂಪಿಗೆ ಹೊರಟಿದ್ದೇನೆ. ಪೊರೆ ತೆಗೆಸಿಕೊಂಡು ನಾಳಿದ್ದು ಬರುತ್ತೇವೆ. ದೊಡ್ಡ ಆಸ್ಪತ್ರೆಗೆ ತೋರಿಸೋಣ ಎಂದಾಗ, "ಒಂದ್ ಕಣ್ಣಿಗ ಅಷ್ಟು ದುಡ್ಡಾ?" ಎಂದವನು ನೀನೇ. ಆಮೇಲೆ ಅದರ ನಾಲ್ಕರಷ್ಟು ಸುರಿದು, ಹಿಂದಲೆಯ ಕೂದಲನ್ನು ಮುಂದಲೆಗೆ ನೆಡಿಸಿಕೊಂಡು ಬಂದೆ. ಕೊಯಮತ್ತೂರಿನ ಕೂದಲು ಡಾಕ್ಟರು ದುಡ್ಡು ನ್ಯಾಯವಾಗಿಯೇ ತಗೊಂಡರಂತೆ, ಪಾಪ.

ಸಾರು ಒಲೆಯ ಮೇಲಿದೆ, ಬಿಸಿ ಮಾಡಿಕೊ. ಕೊಟ್ಟಿಗೆ ಬಾಗಿಲು ತಗ್ಗು, ಬಗ್ಗಿ ಹೋಗು. ನೆಟ್ಟಿದ್ದು ಕಿತ್ತು ಬಂದೀತು. ತಲೆಗೆ ಔಷಧಿ ನೀರು ಹೊಡೆಯುವ ಶ್ರದ್ಧೆಯಲ್ಲಿ ಅರ್ಧವನ್ನಾದರೂ ಹೊಲದ ಕೋಸಿನ ಪೈರಿಗೆ ತೋರಿಸು. ಅದನ್ನೂ ದುಡ್ಡು ಕೊಟ್ಟೇ ನೆಡಿಸಿದ್ದೇವೆ.

ಇನ್ನೊಂದು ಮಾತು ಹೇಳಬೇಕಿತ್ತು. ನೀನು ಕನ್ನಡಿ ಮುಂದಿದ್ದೆ, ಕರೆಯಲು ಮನಸ್ಸು ಬರಲಿಲ್ಲ. ಬೆಳಿಗ್ಗೆ ಅವ್ವ ದೇವರ ಮುಂದೆ ಕೈಮುಗಿದು, "ಕಣ್ಣು ಚೆಂದಾಗ್ ಕಂಡ್ರ ನನ್ ಮಗನ್ ಮುಡಿ ಕೊಡುಸ್ತೀನಿ ಕಣಪ್ಪ ಮಾದಪ್ಪ" ಎಂದು ಹರಕೆ ಹೊತ್ತಳು. ಪಕ್ಕದಲ್ಲೇ ಇದ್ದೆ. ತಡೆಯಲಿಲ್ಲ.

ಕಣ್ಣು ಖಂಡಿತ ಬರುತ್ತದೆ ಎಂದು ಕ್ಯಾಂಪಿನವರು ಹೇಳಿದ್ದಾರೆ. ನೀನು ಚೆನ್ನಾಗಿ ಬೆಳೆಸಿಕೊಂಡಿರು. ಮಾದಪ್ಪನ ಬೆಟ್ಟದಲ್ಲಿ ತಲೆ ಬೋಳಿಸುವವನಿಗೆ ನಾನೇ ಕೊಡುತ್ತೇನೆ, ಆ ಖರ್ಚು ನಿನಗೆ ಬೇಡ.

ಮಂಗಳಕ್ಕ