ಕಂಬಳಿ ಕಾದ ವಾಸನೆ

ಬಸವಕಲ್ಯಾಣ
೧೪ ಮೇ ೨೦೨೪, ಮಂಗಳವಾರ

ಪ್ರೀತಿಯ ಕಲ್ಲಿನಾಥ ಅವರಿಗೆ,

ಹೇಗಿದ್ದೀರಿ? ಬೆರಳು ಮರಗಟ್ಟುವುದು ಕಡಿಮೆಯಾಯಿತೇ? ನಿಮ್ಮ ಗಡಿ ಠಾಣೆಯ ಸುತ್ತ ಇನ್ನೂ ಹಿಮ ಕರಗಿಲ್ಲವೆಂದು ಹೋದ ಸಲ ಹೇಳಿದ್ದಿರಿ. ಇಲ್ಲಿ ಬೆಳಗಿನ ಹತ್ತಕ್ಕೇ ಬಾಗಿಲ ಚಿಲಕ ಮುಟ್ಟಲಾಗುವುದಿಲ್ಲ. ಫೋನಿನಲ್ಲಿ ನಿಮ್ಮ ದನಿ ಎರಡು ಮಾತಿಗೆ ಕಡಿದುಹೋಗುತ್ತದೆ, ಅತ್ತೆ ಬೇರೆ ಪಕ್ಕದಲ್ಲೇ ಕುಳಿತಿರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮಾವನ ಡಯಾಲಿಸಿಸ್ ತಪ್ಪಿಲ್ಲ. ಸೋಮವಾರ, ಗುರುವಾರ ನಾನೇ ಕಾರು ನಡೆಸಿಕೊಂಡು ಹುಮನಾಬಾದಿಗೆ ಕರೆದೊಯ್ಯುತ್ತೇನೆ. ಅತ್ತೆ ಹಿಂದಿನ ಸೀಟಿನಲ್ಲಿ ಅವರ ಪಕ್ಕ ಕೂರುತ್ತಾರೆ. ಕಷ್ಟವೆಲ್ಲ ನೀರಿನದು. ದಿನಕ್ಕೆ ಇಷ್ಟೇ ಎಂದು ಡಾಕ್ಟರು ಹೇಳಿದ ನೀರನ್ನು ಅತ್ತೆ ಬಾಟಲಿಗೆ ತುಂಬಿ ಮಡಿಲಲ್ಲಿ ಹಿಡಿದಿರುತ್ತಾರೆ. ಅದನ್ನು ಮೀರಿದರೆ ಮಾವನಿಗೆ ಉಸಿರು ಕಟ್ಟುತ್ತದೆ. ಹಾಗಾಗಿ ದಾರಿಯಲ್ಲಿ ಕಾರಾದರೂ ತಂಪಾಗಿರಬೇಕು. ಆದರೆ ಈ ಬೇಸಿಗೆಯಲ್ಲಿ ಎಸಿ ಹಚ್ಚಿದ ಮೊದಲ ದಿನದಿಂದಲೂ ಬಿಸಿ ಗಾಳಿಯೇ. ರಾಜೇಶ್ವರದಲ್ಲಿ ಗ್ಯಾರೇಜು ಇಟ್ಟಿರುವ ನಿಮ್ಮ ಗೆಳೆಯ ವೀರಭದ್ರ, ಗ್ಯಾಸ್ ಇಳಿದಿದೆ ಎಂದು ತುಂಬಿಕೊಟ್ಟರು. ಸ್ವಲ್ಪ ದೂರ ತಂಪು, ಆಮೇಲೆ ಮತ್ತೆ ಒಲೆಯ ಮುಂದೆ ಕುಳಿತ ಹಾಗೆ. ಬಾನೆಟ್ಟಿನೊಳಗೆ ಫ್ಯಾನು ಮಾತ್ರ ಬಿಡದೆ ಕೂಗುತ್ತಿತ್ತು. ಬೇರೆ ಗಾಡಿ ಹೇಳೋಣವೆಂದರೆ ಮಾವ ಒಪ್ಪಲಿಲ್ಲ. “ನನ್ನ ಮಗನ ಗಾಡಿ ಬಾಗಲಾಗ ನಿಂತದ, ಮಂದಿ ಗಾಡ್ಯಾಗ ಯಾಕ ಹೋಗ್ಲಿ?”

ನಿನ್ನೆ ಹೆದ್ದಾರಿ ಹತ್ತುವಷ್ಟರಲ್ಲೇ ಮಾವನ ತುಟಿ ಒಣಗಿ ಬೆಳ್ಳಗಾಗಿತ್ತು. “ಒಂದ್ ಗುಟುಕ ಕೊಡ,” ಎಂದರು. ಅತ್ತೆ ಬಾಟಲಿಯ ಮುಚ್ಚಳದಲ್ಲಿ ಕೊಟ್ಟರು. ಮತ್ತೆ ಕೇಳಿದರು. “ಸಂಜೀ ತನಕ ಬೇಕಲ್ರೀ,” ಎಂದು ಅತ್ತೆ ಬಾಟಲಿಯನ್ನು ಸೆರಗಿನೊಳಗೆ ಮುಚ್ಚಿಕೊಂಡರು. ಆಗ ಮಾವ ಮೂಗೆತ್ತಿ, “ಕಂಬಳಿ ಕಾದ ವಾಸನಿ ಬರಾಕತ್ತದ. ನಂದೇ ಕಂಬಳಿ,” ಎಂದರು. ಬಾಯಾರಿಕೆಗೆ ಬುದ್ಧಿ ಮಂಕಾಯಿತೆಂದು ನಾನು ಗಾಡಿಯ ವೇಗ ಹೆಚ್ಚಿಸಿದೆ. ಅತ್ತೆ ಗದರಿದರು: “ಸುಮ್ಮ ಕುಂದರ್ರಿ. ಕುರಿ ಮಾರಿದ್ರೂ ಕುರಿ ವಾಸನಿ ಬಿಡವಲ್ದು ನಿಮಗ.” ಕನ್ನಡಿಯಲ್ಲಿ ನೋಡಿದೆ. ಅತ್ತೆ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡಿದ್ದರು.

ರಾಜೇಶ್ವರದಲ್ಲಿ ಕಾರು ನಿಲ್ಲಿಸಿ, ವಾಸನೆಯ ಮಾತನ್ನು ವೀರಭದ್ರರಿಗೆ ಹೇಳಿದೆ. ಅವರು ಮುಂದಿನ ಜಾಲರಿ ಕಳಚಿದರು. ಎಸಿಯ ಬಿಸಿ ಹೊರಗೆ ಹೋಗುವ ಕಂಡೆನ್ಸರಿನ ಮೈತುಂಬ ಮಾವನ ಹಳೆಯ ಕರಿಕಂಬಳಿಯ ಅರ್ಧ ಭಾಗವಿತ್ತು. ಮೇಲಿನಿಂದ ಇಳಿಬಿಟ್ಟು, ಉಣ್ಣೆಯ ಹುರಿಯಿಂದ ಕಟ್ಟಿದ್ದು. ಧೂಳು ಕುಡಿದು ಹಲಗೆಯಂತಾಗಿತ್ತು. “ವೈನೀ, ಇದಕ ಗಾಳಿ ಹತ್ತಬೇಕ್ರಿ. ನೀವು ಕಂಬಳಿ ಹೊಚ್ಚಿ ಮಲಗಿಸೀರಿ, ತಂಪ ಹ್ಯಾಂಗ ಕೊಡ್ತದ?” ಎಂದು ನಕ್ಕು ಕತ್ತರಿ ತೆಗೆದರು. ಅತ್ತೆ ಕಾರಿನಿಂದಿಳಿದು ಬಂದು ಅವರ ಮಣಿಕಟ್ಟು ಹಿಡಿದರು. “ಕೈ ಹಚ್ಚಬ್ಯಾಡಪಾ. ಮೈಲಾರ ಮಲ್ಲಣ್ಣಗ ಬೇಡಿಕೊಂಡು ಕಟ್ಟೀನಿ. ನನ್ನ ಮಗ ಬಂದು ಹೊಸ್ತಿಲ ತುಳಿಯೂ ತನಕ ಬಿಚ್ಚಂಗಿಲ್ಲ.” ಸಂಕ್ರಾಂತಿ ಮುಗಿಸಿ ನೀವು ಹೋದ ದಿನವೇ ಕಟ್ಟಿದ್ದಂತೆ. ಚಳಿಯಲ್ಲಿ ಎಸಿ ಹಚ್ಚುವವರು ಯಾರು? ನನಗೆ ತಿಳಿಯಲೇ ಇಲ್ಲ.

ನಾನು ಬಾಯಿ ತೆರೆಯುವ ಮೊದಲೇ ಮಾವ ಒಳಗಿನಿಂದ ಹೇಳಿದರು: “ಮಗನ ಸಲುವಾಗಿ ಕಟ್ಟ್ಯಾಳ. ಇರ್ಲಿ ಬಿಡು. ಹಂಗೇ ನಡಿಯವ್ವಾ.” ಕಿಟಕಿ ಇಳಿಸಿಕೊಂಡು ಆ ಬಿಸಿಗಾಳಿಯಲ್ಲೇ ಹೋದೆವು. ಆಸ್ಪತ್ರೆಯಲ್ಲಿ ಯಂತ್ರಕ್ಕೆ ಹಚ್ಚಿದ ಮೇಲೆ ಮಾವನ ರಕ್ತದೊತ್ತಡ ಕುಸಿದು, ಅರ್ಧಕ್ಕೇ ನಿಲ್ಲಿಸಬೇಕಾಯಿತು. ನರ್ಸ್ ಮೆಹರೀನ್ ನನ್ನನ್ನು ಹೊರಗೆ ಕರೆದು, “ಹಿಂಗ ಬಿಸಲಾಗ ಬೇಯಿಸಿ ತರಬ್ಯಾಡ್ರಿ ಅಕ್ಕಾ. ಇನ್ನೊಮ್ಮೆ ಹಿಂಗಾದ್ರ ನಮ್ಮ ಕೈಯಾಗ ಇರಂಗಿಲ್ಲ,” ಎಂದಳು. ಇದನ್ನು ಅತ್ತೆಗೆ ಹಾಗೆಯೇ ಹೇಳಿದೆ. ಅವರು ಒಳಗೆ ಹೋಗಿ ಮಾವನ ಕಾಲು ಒತ್ತತೊಡಗಿದರು.

ಇವತ್ತು ಬೆಳಿಗ್ಗೆ ಅತ್ತೆ ಸ್ನಾನಕ್ಕೆ ಹೋದಾಗ ನಾನು ಬಾನೆಟ್ ಎತ್ತಿದೆ. ಇಂಥವನ್ನೆಲ್ಲ ನಂಬುವವಳಲ್ಲ ನಾನು, ನಿಮಗೇ ಗೊತ್ತು. ಹುರಿಯ ಗಂಟು ಬೆರಳಿಗೆ ಸಿಕ್ಕಿತು, ಸಡಿಲವಾಗಿಯೇ ಇತ್ತು. ಎಳೆದರೆ ಬಿಚ್ಚುತ್ತಿತ್ತು. ಆದರೆ ಆಗಲೇ ನಿಮ್ಮ ಠಾಣೆ, ಹಿಮ ಕುಸಿಯುತ್ತದೆಂದು ನೀವು ಹೇಳಿದ ಆ ಇಳಿಜಾರು, ಎಲ್ಲ ಕಣ್ಣಮುಂದೆ ಬಂತು. ಬಾನೆಟ್ ಮುಚ್ಚಿ ಒಳಗೆ ಬಂದೆ. ಗುರುವಾರ ಏನು ಮಾಡುವುದೋ ತಿಳಿಯದು. ಈ ಪತ್ರ ಅಷ್ಟರೊಳಗೆ ನಿಮಗೆ ತಲುಪುವುದಿಲ್ಲವೆಂದೂ ಗೊತ್ತು. ಆದರೂ ಇದನ್ನು ಬೇರೆ ಯಾರಿಗೆ ಬರೆಯಲಿ?

ಮಾವ, ಅತ್ತೆ ಇಬ್ಬರೂ ಆಶೀರ್ವಾದ ತಿಳಿಸಿದ್ದಾರೆ. ಮೈ ಬೆಚ್ಚಗಿಟ್ಟುಕೊಳ್ಳಿ.

ನಿಮ್ಮ
ದೀಪಾಲಿ

ಸೇರಿಸಿದ ಮಾತು: ಗುರುವಾರ, ಹುಮನಾಬಾದ್ ಆಸ್ಪತ್ರೆಯ ಜಗುಲಿಯಿಂದ, ಗಡಿಬಿಡಿಯಲ್ಲಿ. ಬೆಳಿಗ್ಗೆ ನಾನು ಏಳುವ ಮೊದಲೇ ಅತ್ತೆ ಕಂಬಳಿಯನ್ನು ತಾವೇ ಬಿಚ್ಚಿ, ಮಲ್ಲಣ್ಣನ ಭಂಡಾರದ ಅರಿಶಿನ ಹಚ್ಚಿ, ಮಡಚಿಟ್ಟಿದ್ದರು. “ಅವನಿಗೇ ಕಳಿಸು. ಅಲ್ಲೇ ಹಾಸಿ ಒಮ್ಮಿ ಕುಂದರ್ಲಿ, ಮನಿ ಹೊಸ್ತಿಲ ತುಳಿದಂಗ ಆಗ್ತದ. ಮಲ್ಲಣ್ಣಗ ನಾ ಹೇಳ್ಕೋತೀನಿ.” ಅದಕ್ಕೇ ಈ ಪತ್ರ ಲಕೋಟೆಯಲ್ಲಿ ಬಾರದೆ ಕಂಬಳಿಯ ಜೊತೆ ಪಾರ್ಸೆಲ್ಲಿನಲ್ಲಿ ಬರುತ್ತಿದೆ. ಇವತ್ತು ಎಸಿ ಎಷ್ಟು ತಂಪಾಯಿತೆಂದರೆ, ಮಾವ ಒಮ್ಮೆಯೂ ನೀರು ಕೇಳದೆ, “ಥಂಡಿ ಆಗಾಕತ್ತದ, ಆ ಕಂಬಳಿ ಇತ್ತಾಗ ಕೊಡ್ರಿ,” ಎಂದರು. ಅತ್ತೆ ಕೊಡಲಿಲ್ಲ, ತಮ್ಮ ಸೆರಗು ಹೊದಿಸಿದರು. ಆದರೆ ಗಂಟು ಬಿಚ್ಚಿದಾಗಿನಿಂದ ಅವರು ಒಪ್ಪತ್ತು ಹಿಡಿದಿದ್ದಾರೆ; ಕಂಬಳಿಯ ಮೇಲೆ ಕುಳಿತೆ ಎಂದು ನಿಮ್ಮ ಬಾಯಿಂದ ಕೇಳುವವರೆಗೆ ಒಂದೇ ಹೊತ್ತಿನ ಊಟ. ಪಾರ್ಸೆಲ್ ಸಿಕ್ಕ ಕೂಡಲೇ ಫೋನ್ ಮಾಡಿ. ಸಮಾಧಾನಕ್ಕೆಂದು ಸುಳ್ಳು ಹೇಳಬೇಡಿ, ಕುಳಿತ ಮೇಲೆಯೇ ಹೇಳಿ. ನನಗೂ ಅದನ್ನು ಕೇಳಬೇಕಾಗಿದೆ.