ಅಬ್ಬಾ ಬಡಿದ ಪೆಟ್ಟಿಗೆ

ಹರಿಹರ, ಭಾನುವಾರ

ತಂಡದ ನಾಯಕರಾದ ನಾಗಭೂಷಣ್ ಅವರಿಗೆ,

ನಿನ್ನೆ ನೀವು ದಾವಣಗೆರೆಯಿಂದ ನಮ್ಮ ತಗಡು ಕೆಲಸದ ಅಂಗಡಿಗೆ ಬಂದು, “ಸಾಯಿಮಾಂದು ಐತಲ್ಲ, ಅಂಥದ್ದೇ ಸಣ್ಣ ಗೇಮಿಂಗ್ ಕಂಪ್ಯೂಟರ್ ನನಗೂ ಮಾಡಿಕೊಡ್ರಿ, ಊರೂರು ತಿರುಗಾಕೆ ಬೇಕು” ಎಂದು ಅಬ್ಬಾರನ್ನು ಕೇಳಿದಿರಂತೆ. ನನಗೆ ಆಶ್ಚರ್ಯವಾಯಿತು. ಹುಬ್ಬಳ್ಳಿಯ ಗೇಮಿಂಗ್ ಪಂದ್ಯದಲ್ಲಿ ನಮ್ಮ ತಂಡ ಗೆದ್ದ ದಿನ ನನ್ನ ಕಂಪ್ಯೂಟರ್ ಹಿಡಿದು ಕ್ಯಾಮೆರಾದ ಮುಂದೆ ನಿಂತು, “ಇದನ್ನು ನಾನೇ ಜೋಡಿಸಿದ್ದು” ಎಂದವರು ನೀವೇ ಅಲ್ಲವೇ?

ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಳ್ಳುವಷ್ಟು ಚಿಕ್ಕದಾಗಲೆಂದು ನಾನು ಒಳಗಿನ ಭಾಗಗಳನ್ನು ಮತ್ತೆ ಮತ್ತೆ ಬಿಚ್ಚಿ ಜೋಡಿಸಿದೆ. ಅಬ್ಬಾ ಅದಕ್ಕೆ ತಕ್ಕಂತೆ ತಗಡು ಬಡಿದು ಪೆಟ್ಟಿಗೆ ಮಾಡಿದರು. ಆ ಪಂದ್ಯದ ನಡುವೆ ಅದು ನಿಂತುಹೋದಾಗ ನೀವು ಸ್ಕ್ರೂಡ್ರೈವರ್ ಹಿಡಿದು, “ಇದನ್ನ ಯಾವ ಕಡೆ ಬಿಚ್ಚಬೇಕು ಸಾಯಿಮಾ?” ಎಂದು ಕೇಳಿದಿರಿ. ಫ್ಯಾನಿಗೆ ಸಿಕ್ಕಿದ್ದ ವೈರು ಬಿಡಿಸಿದವಳು ನಾನು.

ಅಬ್ಬಾ ನಿಮ್ಮ ಆ ವಿಡಿಯೋ ನೋಡಿದ್ದಾರೆ. ಆದರೂ, “ಹೋಗ್ಲಿ ಬಿಡು ಬೇಟಾ, ಮಾಡ್ಕೊಡಾಣ” ಅಂದರು. ನಾನೇ ಬ್ಯಾಡ ಅಂದೆ. ನಿಮ್ಮಂಥ ಬಲ್ಲವರಿಗೆ ನಾವು ನೆರವಾಗುವುದು ಅವಮಾನ ಮಾಡಿದಂತೆ.

ದಯವಿಟ್ಟು ತಂಡದ ಪಟ್ಟಿಯಿಂದ ನನ್ನ ಹೆಸರು ತೆಗೆಯಿರಿ. ಮುಂದಿನ ತಿಂಗಳು ಬೆಳಗಾವಿಯಲ್ಲಿ ನಿಮ್ಮ ಎದುರು ತಂಡದಲ್ಲಿ ಕೂರುತ್ತೇನೆ. ತಡಮಾಡದೆ ಬನ್ನಿ, ಆಟ ಬೇಗ ಮುಗಿಯುತ್ತದೆ.

ಇಂತಿ,
ಮೌಲಾ ಸಾಬ್ ಮಗಳು ಸಾಯಿಮಾ